ಪೈಲ್ವಾನನಿಗೆ ಐದು ರೂಪಾಯಿ

ನಾನು ಜೀವನದಲ್ಲಿ ಹತ್ತಿರದಿಂದ ನೋಡಿದ ಮೊದಲ ಸ್ಪೋರ್ಟ್ಸ್ ಸ್ಟಾರ್‌ಗೆ ಆಟೋಗ್ರಾಫ್ ಕೇಳಲಿಲ್ಲ. ಐದು ರೂಪಾಯಿ ಕೊಟ್ಟೆ.

ಮುದ್ದೇಬಿಹಾಳ ತಾಲೂಕಿನ ತಂಗಡಗಿ ಕೃಷ್ಣೆಯ ದಂಡೆಯ ಊರು. ಬಸವಣ್ಣನವರ ಪತ್ನಿ ನೀಲಾಂಬಿಕೆ ಐಕ್ಯರಾದ ಜಾಗ ಅಂತ ಅಲ್ಲಿಗೆ ಜನ ಬರುತ್ತಾರೆ. ಹಡಪದ ಅಪ್ಪಣ್ಣನವರ ಹೆಸರಿನ ಪೀಠವೂ ಅಲ್ಲೇ ಇದೆ. ನಮ್ಮೂರು ಅಲ್ಲಿಂದ ಬಹಳ ದೂರವಿಲ್ಲ. ನಮ್ಮ ಕಡೆ ಜಾತ್ರೆ ಅಂದರೆ ತೇರು, ಬೆಂಡು ಬತ್ತಾಸು, ರಾತ್ರಿ ನಾಟಕ, ಮರುದಿನ ಮಧ್ಯಾಹ್ನ ಜಂಗಿ ಕುಸ್ತಿ. ನಮ್ಮದು ಎರಿ ಹೊಲದ ಸೀಮೆ, ನೆಲ ಕಪ್ಪು. ಆದರೆ ಅಖಾಡಕ್ಕೆ ಮಾತ್ರ ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ತರಿಸುತ್ತಿದ್ದರು. ಅದಕ್ಕೆ ಎಣ್ಣೆ, ಅರಿಷಿಣ, ಮಜ್ಜಿಗೆ, ಲಿಂಬೆಹಣ್ಣಿನ ರಸ ಹಾಕಿ ಹದ ಮಾಡುತ್ತಿದ್ದರು. ಹಲಗಿ ಶುರುವಾದರೆ ನಾವು ಹುಡುಗರು ದೊಡ್ಡವರ ಕಾಲ ಸಂದಿಯಲ್ಲಿ ತೂರಿ ಮುಂದೆ ಹೋಗಿ ಕೂತುಬಿಡುತ್ತಿದ್ದೆವು.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ. ಕೊನೆಯ ಜೋಡಿಯ ಕುಸ್ತಿ ಬಹಳ ಹೊತ್ತು ನಡೆಯಿತು. ಗೆದ್ದ ಪೈಲ್ವಾನ ಬೇರೆ ತಾಲೂಕಿನವನು. ಅವನನ್ನು ಹೆಗಲ ಮೇಲೆ ಎತ್ತಿ ಕುಣಿಸಿದರು. ಕೆಳಗಿಳಿದ ಮೇಲೆ ಅವನು ಮೈದಾನದ ಅಂಚಿನಲ್ಲಿ ಒಂದು ಸುತ್ತು ಬಂದ. ಜನ ಹತ್ತು, ಇಪ್ಪತ್ತು, ಐವತ್ತರ ನೋಟು ಅವನ ಕೈಗೆ ಇಡುತ್ತಿದ್ದರು. ಅಪ್ಪ ಅಂಗಿಯ ಒಳಜೇಬಿನಿಂದ ಐದರ ನೋಟು ತೆಗೆದು ನನ್ನ ಕೈಗೆ ಕೊಟ್ಟು, "ಹೋಗು, ಕೊಟ್ಟು ಬಾ" ಅಂದ. ನಾನು ಹೋಗಿ ಕೊಟ್ಟೆ. ಪೈಲ್ವಾನ ನೋಟು ತಗೊಂಡು ಹಣೆಗೆ ಒತ್ತಿಕೊಂಡ. ಆಮೇಲೆ ನನ್ನ ಕಡೆ ನೋಡಿ ಕೇಳಿದ:

"ಯಾರ ಮಗನೋ ತಮ್ಮಾ?"

ಅಪ್ಪನ ಹೆಸರು ಹೇಳಿದೆ.

"ಕಸರತ್ ಮಾಡ್ತಿ?"

"ಇಲ್ರಿ."

"ಮಾಡು. ಚಹಾ ಕಡಿಮಿ ಮಾಡು, ಹಾಲು ಕುಡಿ" ಅಂತ ತಲೆ ಮೇಲೆ ಕೈ ಇಟ್ಟ. ಕೂದಲ ತುಂಬ ಕೆಂಪು ಮಣ್ಣು. ಮನೆಯಲ್ಲಿ ಅವ್ವ ಬೈದಳು. ನಾನು ಎರಡು ದಿನ ತಲೆ ತೊಳೆಯಲು ಬಿಡಲಿಲ್ಲ.

ಆ ಪೈಲ್ವಾನನ ಹೆಸರು ಈಗ ನೆನಪಿಲ್ಲ. ಅವನ ಸಹಿ ಇದ್ದಿದ್ದರೆ ಹೆಸರಾದರೂ ಉಳಿಯುತ್ತಿತ್ತು ಅನ್ನಬಹುದು. ಆದರೆ ಆಗ ನಮಗ್ಯಾರಿಗೂ ಸಹಿ ಕೇಳಬೇಕು ಅಂತ ಹೊಳೆಯಲೇ ಇಲ್ಲ. ನಮ್ಮ ಪಾಲಿಗೆ ಆಟೋಗ್ರಾಫ್ ಅಂದರೆ ಹತ್ತನೇ ಕ್ಲಾಸಿನ ಕೊನೆಗೆ ಬಣ್ಣದ ಹಾಳೆಯ ಪುಸ್ತಕದಲ್ಲಿ ಗೆಳೆಯರಿಂದ ಬರೆಸಿಕೊಳ್ಳುವುದು. ದೊಡ್ಡವರಿಂದ ಬರೆಸಿಕೊಳ್ಳುವ ಪದ್ಧತಿ ಬೇರೆ ಲೋಕದ್ದು. ಅದು ಎಲ್ಲಿಂದ ಬಂತು, ನಮ್ಮಲ್ಲಿ ಅದರ ಜಾಗದಲ್ಲಿ ಮೊದಲು ಏನಿತ್ತು ಅನ್ನೋದನ್ನು ಸ್ವಲ್ಪ ಹಿಂದೆ ಹೋಗಿ ನೋಡೋಣ. ಯಾಕೆ ಅಂತ ಮುಂದೆ ಹೇಳ್ತೀನಿ.

ಕೊಡುವ ಅಭಿಮಾನಿ

ಕುಸ್ತಿಯ ಮಟ್ಟಿಗೆ ನಮ್ಮ ಸೀಮೆಯ ರಾಜಧಾನಿ ಬೆಂಗಳೂರೂ ಅಲ್ಲ, ಮೈಸೂರೂ ಅಲ್ಲ, ಕೊಲ್ಲಾಪುರ. ಅಲ್ಲಿನ ಛತ್ರಪತಿ ಶಾಹೂ ಮಹಾರಾಜರು ಪೈಲ್ವಾನರನ್ನು ಸಾಕಿದರು. 1912ರಲ್ಲಿ ತಯಾರಾದ ಖಾಸಬಾಗ್ ಮೈದಾನದಲ್ಲಿ ನಡುವೆ ಅಖಾಡ, ಸುತ್ತ ಏರುತ್ತಾ ಹೋಗುವ ಕೂರುವ ಜಾಗ, ಎಲ್ಲಿ ಕೂತರೂ ಪೈಲ್ವಾನ ಕಾಣುತ್ತಾನೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಕುಸ್ತಿ ಕಲಿಯಲು ಅಲ್ಲಿನ ತಾಲೀಮುಗಳಿಗೆ ಹೋಗುವುದು ವಾಡಿಕೆ. 1959ರಲ್ಲಿ ಮೊದಲ ಹಿಂದ್ ಕೇಸರಿ ಪಟ್ಟ ಗೆದ್ದ ಶ್ರೀಪತಿ ಖಂಚನಾಳೆ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಎಕ್ಸಂಬಾದಲ್ಲಿ, ಬಾಳಿದ್ದು ಕೊಲ್ಲಾಪುರದಲ್ಲಿ.

ರಾಜರು ಇರುವವರೆಗೆ ಪೈಲ್ವಾನನ ಖುರಾಕು ಅರಮನೆಯ ಖರ್ಚು. ಹಾಲು, ತುಪ್ಪ, ಬಾದಾಮಿ ಸಣ್ಣ ಬಾಬ್ತಲ್ಲ. ರಾಜರು ಹೋದ ಮೇಲೆ ಆ ಖರ್ಚು ಜನರ ಹೆಗಲಿಗೆ ಬಂತು. ಜಾತ್ರಾ ಕಮಿಟಿಯ ಬಹುಮಾನ, ಬೆಳ್ಳಿ ಕಡೆ, ಗದೆ, ತಲೆಗೆ ಸುತ್ತುವ ಪಟಕಾ, ಮೇಲೆ ಪ್ರೇಕ್ಷಕರ ಕೈಯ ಚಿಲ್ಲರೆ ನೋಟು. ಅಪ್ಪ ಕೊಡಿಸಿದ ಐದು ರೂಪಾಯಿ ಆ ಲೆಕ್ಕದ್ದು. ಅದನ್ನು ಭಿಕ್ಷೆ ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ. ಮದುವೆಯಲ್ಲಿ ಆಯೇರಿ ಮಾಡಿದ ಹಾಗೆ, ನಾಳೆ ಅವನು ಇನ್ನೊಂದು ಊರಲ್ಲಿ ಗೆದ್ದರೆ ಅದರಲ್ಲಿ ನಮ್ಮದೂ ಒಂದು ಪಾಲು.

ಈ ಲೆಕ್ಕದ ಅತಿ ದೊಡ್ಡ ಉದಾಹರಣೆ ಸಾತಾರಾ ಜಿಲ್ಲೆಯ ಖಾಶಾಬಾ ಜಾಧವ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಅಲ್ಲಿಗೆ ಹೋಗಲು ಅವರ ಹತ್ತಿರ ದುಡ್ಡಿರಲಿಲ್ಲ. ಊರವರು ಚಂದಾ ಎತ್ತಿದರು. ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಪದಕದೊಂದಿಗೆ ವಾಪಸು ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ. ಮೆರವಣಿಗೆ ಮುಗಿದ ಮೇಲೆ ಖಾಶಾಬಾ ಮತ್ತೆ ಕುಸ್ತಿ ಮೈದಾನಗಳನ್ನು ನಡೆಸಿ, ಬಂದ ದುಡ್ಡಿನಿಂದ ಪ್ರಿನ್ಸಿಪಾಲರ ಸಾಲ ತೀರಿಸಿದರು. ಅಭಿಮಾನಿ ಮನೆ ಅಡವಿಟ್ಟ, ಆಟಗಾರ ಅದನ್ನು ಬಿಡಿಸಿಕೊಟ್ಟ. ಇವರಿಬ್ಬರ ನಡುವೆ ಆಟೋಗ್ರಾಫ್‌ಗೆ ಎಲ್ಲಿದೆ ಜಾಗ?

ಕೇಳುವ ಅಭಿಮಾನಿ

ಕ್ರಿಕೆಟ್ಟಿನಲ್ಲೂ ಮೊದಮೊದಲು ನಮ್ಮ ಜನ ಹೀಗೇ ಇದ್ದರು. ಭಾರತದ ನೆಲದಲ್ಲಿ ಮೊದಲ ಟೆಸ್ಟ್ ನಡೆದದ್ದು 1933ರ ಡಿಸೆಂಬರ್‌ನಲ್ಲಿ, ಬಾಂಬೆ ಜಿಮ್ಖಾನಾ ಮೈದಾನದಲ್ಲಿ. ಲಾಲಾ ಅಮರನಾಥ್ ಮೊದಲ ಟೆಸ್ಟಿನಲ್ಲೇ 118 ಹೊಡೆದರು. ಭಾರತದ ಪರ ಮೊದಲ ಟೆಸ್ಟ್ ಶತಕ. ಜನ ಮೈದಾನಕ್ಕೆ ನುಗ್ಗಿದರು, ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು. ನಮ್ಮ ಜಾತ್ರೆಯ ಕುಸ್ತಿ ಕಣದ ಅದೇ ಕೈ, ನೋಟಿನ ಬದಲು ಬಂಗಾರ.

ಅದೇ ಪ್ರವಾಸದ ಇನ್ನೊಂದು ಕತೆ ಇದಕ್ಕೆ ಉಲ್ಟಾ. ವಿಜಯ್ ಮರ್ಚಂಟರ ತಂಗಿ ಲಕ್ಷ್ಮಿ ಹತ್ತಿರ ಒಂದು ಆಟೋಗ್ರಾಫ್ ಪುಸ್ತಕ ಇತ್ತು. ಅದರಲ್ಲಿ ಡಗ್ಲಸ್ ಜಾರ್ಡಿನ್ ನಾಯಕತ್ವದ ಎಂಸಿಸಿ ತಂಡದ 16 ಜನರ ಸಹಿ ಇದ್ದವು. ಆಕೆ ಆ ಪುಸ್ತಕವನ್ನು ಗಾಂಧೀಜಿಗೆ ಕೊಟ್ಟು ಸಹಿ ಕೇಳಿದರು. ಗಾಂಧೀಜಿ ಹಾಳೆ ತಿರುವಿ, ಇಂಗ್ಲಿಷ್ ಆಟಗಾರರ ಪುಟದಲ್ಲೇ 17ನೆಯವರಾಗಿ ಎಂ.ಕೆ. ಗಾಂಧಿ ಅಂತ ಬರೆದರು. ಜಾರ್ಡಿನ್‌ನ ಟೀಮಿಗೆ ಹದಿನೇಳನೆಯ ಆಟಗಾರ! ಸಹಿ ಹಾಕುವಾಗ ಆ ಮನುಷ್ಯನಿಗೆ ನಗು ಬಂದಿರಬೇಕು.

ಆದರೆ ಗಾಂಧೀಜಿ ಸಹಿಯನ್ನು ಸುಮ್ಮನೆ ಕೊಡುವವರಲ್ಲ. ಹರಿಜನ ನಿಧಿಗೆ ಐದು ರೂಪಾಯಿ ಇಟ್ಟರೆ ಸಹಿ. ಆ ಕಾಲಕ್ಕೆ ಐದು ರೂಪಾಯಿ ಸಣ್ಣ ದುಡ್ಡಲ್ಲ. ಕೇಳುವವನನ್ನು ಅವರು ಕೊಡುವವನನ್ನಾಗಿ ಮಾಡುತ್ತಿದ್ದರು. ಆಟೋಗ್ರಾಫ್‌ಗೆ ದುಡ್ಡು ತಗೊಳ್ಳುವುದನ್ನು ಕೇಳಿದರೆ ಇವತ್ತು ಮೂಗು ಮುರಿಯುತ್ತೇವೆ, ಆದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಹೀಗೆ ಶಾಲೆ ಕಲಿತ, ಪೇಟೆಯ, ಪೆನ್ನು ಇರುವ ಅಭಿಮಾನಿ ಹುಟ್ಟಿಕೊಂಡ. ಅವನಿಗೆ ಆಟಗಾರನನ್ನು ಸಾಕುವ ಜವಾಬ್ದಾರಿ ಇಲ್ಲ. ಟಿಕೆಟ್ ಕೊಂಡಿದ್ದಾನೆ, ಅಲ್ಲಿಗೆ ಅವನ ಬಾಕಿ ಮುಗಿಯಿತು. ಇನ್ನು ಏನಿದ್ದರೂ ಅವನಿಗೆ ಬರಬೇಕಾದ್ದು.

ಬ್ಯಾಂಕಿನಲ್ಲಿ ಸಿಗುವ ಸ್ಟಾರ್

ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರ್‌ನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದು ಮೊದಲ ಟೆಸ್ಟ್. ಆ ಕಾಲದ ಕರ್ನಾಟಕದ ಹೀರೋಗಳು ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್. ನಮ್ಮಂಥ ಬಿಇ ಮಾಡಿದವರು ಗಮನಿಸಬೇಕಾದ್ದು: ಪ್ರಸನ್ನ ಟೆಸ್ಟ್ ಆಡಲು ಶುರು ಮಾಡಿದ ಮೇಲೆ ಎಂಜಿನಿಯರಿಂಗ್ ಮುಗಿಸಲು ಮೈಸೂರಿಗೆ ಹೋಗಿ, 1962ರಿಂದ 1967ರವರೆಗೆ ಟೆಸ್ಟ್ ಆಡಲಿಲ್ಲ. ಇವತ್ತು ಯಾವ ಅಪ್ಪ ಮಗನಿಗೆ ಐಪಿಎಲ್ ಬಿಟ್ಟು ಡಿಗ್ರಿ ಮುಗಿಸು ಅಂತ ಹೇಳ್ತಾನೆ? ವಿಶ್ವನಾಥ್ ಸ್ಟೇಟ್ ಬ್ಯಾಂಕ್ ನೌಕರರು. ಆಟದಿಂದ ಬರುವ ದುಡ್ಡಿನಲ್ಲಿ ಸಂಸಾರ ನಡೆಯುತ್ತಿರಲಿಲ್ಲ, ಹಾಗಾಗಿ ಕೆಲಸ ಬೇಕಿತ್ತು. ಕೆಲಸ ಇದ್ದುದರಿಂದ ಅವರು ನಮ್ಮ ನಿಮ್ಮ ಹಾಗೆ ಊರಲ್ಲಿ ಓಡಾಡುವ ಮನುಷ್ಯರಾಗಿದ್ದರು. ಅಂಥವರ ಸಹಿ ಕೇಳಲು ಹೋಟೆಲ್ ಗೇಟಿನಲ್ಲಿ ಕಾಯಬೇಕಿರಲಿಲ್ಲ.

ಹೆಣ್ಣುಮಕ್ಕಳ ಕತೆ ಇನ್ನೂ ಒಂದು ಮೆಟ್ಟಿಲು ಕೆಳಗೆ. ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ. ರಿಸರ್ವೇಶನ್ ಇಲ್ಲದ ರೈಲು ಡಬ್ಬಿಗಳಲ್ಲಿ ಹೋಗಿದ್ದು, ಡಾರ್ಮಿಟರಿಯ ನೆಲದ ಮೇಲೆ ಮಲಗಿದ್ದು, ಇದನ್ನೆಲ್ಲ ಅವರೇ ಎಷ್ಟೋ ಸಲ ಹೇಳಿದ್ದಾರೆ. ಆ ವರ್ಷ ಪಟ್ನಾದಲ್ಲಿ ಅವರು ಮೊದಲ ಟೆಸ್ಟ್ ಗೆದ್ದಾಗ ಮೈದಾನ ತುಂಬ ಜನ ಇದ್ದರು. ಜನ ಇದ್ದರು, ದುಡ್ಡು ಇರಲಿಲ್ಲ. ಅಭಿಮಾನಿ ಮತ್ತು ಆಟಗಾರ್ತಿ ಒಂದೇ ಡಬ್ಬಿಯಲ್ಲಿ ಪ್ರಯಾಣ ಮಾಡುವಾಗ ಇವರಲ್ಲಿ ದೊಡ್ಡವರು ಯಾರು?

ಆಮೇಲೆ ಗೋಡೆ ಎದ್ದಿತು. ಒಂದೇ ದಿನ ಅಲ್ಲ. ಮೊದಲು ಟಿವಿ, ಜಾಹೀರಾತು. 2000ರಲ್ಲಿ ಮ್ಯಾಚ್ ಫಿಕ್ಸಿಂಗ್ ಬಯಲಾದ ಮೇಲೆ ಐಸಿಸಿ ಭ್ರಷ್ಟಾಚಾರ ನಿಗ್ರಹ ಘಟಕ ತೆರೆಯಿತು. ಆಟಗಾರನ ಹತ್ತಿರ ಯಾರು ಬರುತ್ತಾರೆ, ಯಾರು ಪರಿಚಯ ಮಾಡಿಕೊಳ್ಳುತ್ತಾರೆ ಅನ್ನೋದು ಕಾವಲಿನ ವಿಷಯವಾಯಿತು. ಸುಮ್ಮನೆ ಪೆನ್ನು ಹಿಡಿದು ಬಂದ ಹುಡುಗ ಮತ್ತು ಬುಕ್ಕಿಯ ಏಜೆಂಟ್ ದೂರದಿಂದ ಒಂದೇ ಥರ ಕಾಣುತ್ತಾರೆ. 2008ರಲ್ಲಿ ಐಪಿಎಲ್ ಬಂತು. ಆಟಗಾರರ ಹರಾಜು ನಡೆಯಿತು. ಐದು ರೂಪಾಯಿ ಕೊಡುವ ಅಪ್ಪನಿಗೆ ಇಲ್ಲಿ ಕೆಲಸ ಇಲ್ಲ.

ಸಹಿಗೇ ಒಂದು ಮಾರುಕಟ್ಟೆ ಹುಟ್ಟಿದ್ದು ಇನ್ನೊಂದು ಕಾರಣ. ಅಮೆರಿಕದಲ್ಲಿ ಇದು ಎಲ್ಲಿಗೆ ಮುಟ್ಟಿತು ಅಂದರೆ, 1990ರ ದಶಕದ ಕೊನೆಗೆ ಎಫ್‌ಬಿಐ ನಕಲಿ ಆಟೋಗ್ರಾಫ್ ಜಾಲ ಹಿಡಿಯಲು ಆಪರೇಶನ್ ಬುಲ್‌ಪೆನ್ ಅಂತ ಕಾರ್ಯಾಚರಣೆ ನಡೆಸಿತು. ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಸಹಿ ಮಾಡಿದ ಬೇಸ್‌ಬಾಲ್ ಚೆಂಡೂ ಇತ್ತು! ತಾಯಿ ಯಾವಾಗ ಬೇಸ್‌ಬಾಲ್ ಆಡಿದರೋ ದೇವರಿಗೇ ಗೊತ್ತು. ಇದಾದ ಮೇಲೆ ಆಟಗಾರರು ಸಹಿ ಕೇಳುವ ಕೈಯನ್ನು ಅನುಮಾನದಿಂದ ನೋಡಿದರೆ ಅವರನ್ನಷ್ಟೇ ಬೈದು ಪ್ರಯೋಜನ ಇಲ್ಲ.

ಹೋಟೆಲ್ ಗೇಟಿನಲ್ಲಿ

ಈಗ ನನ್ನ ಕತೆ. ಬೆಂಗಳೂರಿಗೆ ಬಂದು ಮೊದಲ ಕೆಲಸ ಸೇರಿದ ವರ್ಷ. ಒಂದು ದೊಡ್ಡ ಹೋಟೆಲಿನಲ್ಲಿ ಟೀಮ್ ಇಳಿದಿದೆ ಅಂತ ಪಿಜಿಯ ಗೆಳೆಯ ಸುದ್ದಿ ತಂದ. ಹೊಸ ನೋಟ್‌ಬುಕ್ಕು, ಎರಡು ಪೆನ್ನು (ಒಂದು ಬರೆಯದಿದ್ದರೆ ಇನ್ನೊಂದು) ತಗೊಂಡು ಗೇಟಿನ ಹತ್ತಿರ ಮೂರು ತಾಸು ನಿಂತೆವು. ಸುಮಾರು ಇನ್ನೂರು ಜನ ಇದ್ದೆವು. ಕೊನೆಗೆ ಒಳಗಿಂದ ಬಸ್ಸಿನ ಕಡೆ ಆಟಗಾರರು ಬಂದರು. ನಾನು ಯಾರ ಬ್ಯಾಟಿಂಗ್ ನೋಡಲು ಕಾಲೇಜಿಗೆ ಚಕ್ಕರ್ ಹೊಡೆದಿದ್ದೆನೋ ಆ ಮನುಷ್ಯ ನನ್ನಿಂದ ಎರಡು ಮಾರು ದೂರದಲ್ಲಿ ಹೋದ. ಕಿವಿಗೆ ದೊಡ್ಡ ಹೆಡ್‌ಫೋನ್, ಕಣ್ಣು ನೆಲದ ಮೇಲೆ. "ಸರ್, ಸರ್" ಅಂದೆ. ನೋಡಲಿಲ್ಲ. ಸೆಕ್ಯುರಿಟಿಯವನು ಎದೆಗೆ ಕೈ ಇಟ್ಟು ಹಿಂದಕ್ಕೆ ತಳ್ಳಿದ. ಪಕ್ಕದಲ್ಲಿದ್ದವನು ಅಮ್ಮ ಅಕ್ಕ ಅಂತ ಬೈದ. ಒಂದೇ ನಿಮಿಷದ ಹಿಂದೆ ಅದೇ ಬಾಯಿ "ಲವ್ ಯೂ ಗುರೂ" ಅಂತ ಕೂಗಿತ್ತು.

ನನಗೂ ಸಿಟ್ಟು ಬಂತು. ಬಹಳ ದಿನ ಇತ್ತು. ಆಮೇಲೆ ಒಂದು ದಿನ ಸುಮ್ಮನೆ ಲೆಕ್ಕ ಹಾಕಿದೆ. ಇನ್ನೂರು ಜನ, ಒಬ್ಬರಿಗೆ ಹತ್ತು ಸೆಕೆಂಡ್, ಒಟ್ಟು 2,000 ಸೆಕೆಂಡ್, ಅಂದರೆ 33 ನಿಮಿಷ. ಊಟಕ್ಕೆ ಹೋದಲ್ಲಿ, ಏರ್‌ಪೋರ್ಟಿನಲ್ಲಿ, ಮಕ್ಕಳ ಸ್ಕೂಲಿನಲ್ಲಿ ದಿನಾ ಇದೇ. ನಮ್ಮೂರ ಪೈಲ್ವಾನನಿಗೆ ಐನೂರು ಜನ ಸಿಕ್ಕುತ್ತಿದ್ದರು, ಅದೂ ವರ್ಷದಲ್ಲಿ ಕೆಲವು ಜಾತ್ರೆಯ ದಿನ. ಈ ಮನುಷ್ಯನಿಗೆ ಕೋಟಿ ಜನ, ಪ್ರತಿ ದಿನ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಹತ್ತು ಯೂಸರ್‌ಗೆ ಬರೆದ ಕೋಡು ಹತ್ತು ಕೋಟಿ ಯೂಸರ್‌ಗೆ ಓಡುವುದಿಲ್ಲ. ಸರ್ವರ್ ಬಿದ್ದರೆ ಸರ್ವರ್‌ಗೆ ಅಹಂಕಾರ ಅಂತ ಯಾರಾದರೂ ಬೈತಾರಾ?

ಲೆಕ್ಕ ಸರಿ ಇತ್ತು, ಆದರೂ ಸಮಾಧಾನ ಆಗಲಿಲ್ಲ. ಯಾಕಂದರೆ ಅದೇ ಗುಂಪಿನ ಎದುರು ಬೇರೆ ಥರ ನಡೆದುಕೊಂಡವರೂ ಇದ್ದಾರೆ. ಬ್ರಾಡ್ಮನ್ ಆಟ ಬಿಟ್ಟ ಮೇಲೂ ದಶಕಗಟ್ಟಲೆ ಅಡಿಲೇಡ್‌ನ ಮನೆಯಲ್ಲಿ ಕೂತು ಜಗತ್ತಿನ ಮೂಲೆಮೂಲೆಯಿಂದ ಬರುವ ಕಾಗದಗಳಿಗೆ ಉತ್ತರ ಬರೆದರು, ಕಳಿಸಿದ್ದಕ್ಕೆಲ್ಲ ಸಹಿ ಹಾಕಿದರು. ಅದು ಅವರಿಗೆ ಹೆಚ್ಚುಕಡಿಮೆ ಒಂದು ನೌಕರಿಯೇ ಆಗಿತ್ತು.

ಮುಹಮ್ಮದ್ ಅಲಿಯ ಕತೆ ನನಗೆ ಇನ್ನೂ ಇಷ್ಟ. 1960ರಲ್ಲಿ ಅವನಿನ್ನೂ 18ರ ಹುಡುಗ ಕ್ಯಾಶಿಯಸ್ ಕ್ಲೇ. ರೋಮ್ ಒಲಿಂಪಿಕ್ಸ್‌ಗೆ ಹೋಗುವ ದಾರಿಯಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಆರಾಧ್ಯ ಬಾಕ್ಸರ್ ಶುಗರ್ ರೇ ರಾಬಿನ್ಸನ್‌ನ ಸಹಿಗಾಗಿ ಹಾರ್ಲೆಮ್‌ನಲ್ಲಿ ಕಾದು ನಿಂತ. ರಾಬಿನ್ಸನ್ ಅವನ ಕಡೆ ಸರಿಯಾಗಿ ನೋಡದೆ, ಪುರುಸೊತ್ತಿಲ್ಲ ಅಂತ ಹೋಗಿಬಿಟ್ಟರು. ನಾನು ದೊಡ್ಡವನಾದರೆ ಯಾರಿಗೂ ಹೀಗೆ ಮಾಡೋದಿಲ್ಲ ಅಂತ ಅವತ್ತೇ ನಿಶ್ಚಯ ಮಾಡಿದೆ ಅಂತ ಅಲಿ ಆಮೇಲೆ ಹೇಳಿಕೊಂಡಿದ್ದಾನೆ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವ ಕಾಲದಲ್ಲೂ ಸಹಿ ಹಾಕಿದ. ಕೇಳಿಸಿಕೊಳ್ಳದೆ ಹೋದ ಆ ರಾಬಿನ್ಸನ್ ಜೊತೆ ಮುಂದೆ ಗೆಳೆತನವನ್ನೂ ಮಾಡಿದ.

ಇನ್ನೊಂದು ತುದಿಯಲ್ಲಿ ಬಾಸ್ಕೆಟ್‌ಬಾಲ್‌ನ ಬಿಲ್ ರಸೆಲ್. ಬಾಸ್ಟನ್ ತಂಡಕ್ಕೆ 11 ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ಮನುಷ್ಯ. ಆಡುವ ಕಾಲದಲ್ಲಿ ಆಟೋಗ್ರಾಫ್ ಕೊಡಲು ನಿಲ್ಲಿಸಿಬಿಟ್ಟರು. ಸಹಿ ಬೇಡ, ಬೇಕಾದರೆ ಕೈಕುಲುಕೋಣ, ಎರಡು ಮಾತಾಡೋಣ ಅನ್ನುತ್ತಿದ್ದರು. ಎಷ್ಟೋ ಜನ ಅವರನ್ನು ಸೊಕ್ಕಿನವರು ಅಂದರು. ಆದರೆ ಅದೇ ಬಾಸ್ಟನ್ ಪಕ್ಕದ ಊರಲ್ಲಿ ಅವರ ಮನೆಗೆ ನುಗ್ಗಿ, ಸಾಮಾನು ಒಡೆದು, ಗೋಡೆಯ ಮೇಲೆ ಕರಿಯರನ್ನು ಹೀಯಾಳಿಸುವ ಬೈಗುಳ ಬರೆದಿದ್ದರು. ಮೈದಾನದಲ್ಲಿ ಚಪ್ಪಾಳೆ, ಓಣಿಯಲ್ಲಿ ಬೈಗುಳ. ಅಂಥ ಊರಿನವನು ಕಾಗದ ಚಾಚಿದರೆ, ನಿನಗೆ ಬೇಕಿರುವುದು ನಾನೋ ನನ್ನ ಹೆಸರೋ ಅಂತ ಕೇಳುವ ಹಕ್ಕು ರಸೆಲ್‌ಗೆ ಇತ್ತು.

ಅಲಿ ಸಹಿ ಕೊಟ್ಟ, ರಸೆಲ್ ಕೊಡಲಿಲ್ಲ. ಇಬ್ಬರನ್ನೂ ನಾನು ಒಂದೇ ಸಾಲಿನಲ್ಲಿ ಇಡುತ್ತೇನೆ. ಇಬ್ಬರೂ ಎದುರಿಗೆ ನಿಂತವನ ಮುಖ ನೋಡಿದರು. ನನಗೆ ಹೋಟೆಲ್ ಗೇಟಿನಲ್ಲಿ ಸಿಗದೆ ಹೋದದ್ದು ಅದು. ಸಹಿ ಸಿಗದಿದ್ದಕ್ಕೆ ಯಾರೂ ಹದಿನೈದು ವರ್ಷ ನೆನಪು ಇಟ್ಟುಕೊಳ್ಳುವುದಿಲ್ಲ.

ನಮ್ಮ ರಾಹುಲ್ ದ್ರಾವಿಡ್ ಬಗ್ಗೆ ಬೆಂಗಳೂರಲ್ಲಿ ಎಲ್ಲರ ಹತ್ತಿರ ಒಂದೊಂದು ಕತೆ ಇರುತ್ತದೆ. ನಾನು ನಂಬುವುದು 2017ರ ಒಂದು ಫೋಟೋ. ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ತಮ್ಮ ಮಕ್ಕಳ ಜೊತೆ ಬಂದು, ಬೇರೆ ಅಪ್ಪ ಅಮ್ಮಂದಿರ ಹಾಗೆ ಸಾಲಿನಲ್ಲಿ ನಿಂತಿದ್ದಾರೆ. ಆ ಸಾಲಿನಲ್ಲಿ ಅವರೂ ಕಾಯುವವರು. ಕಾಯುವುದು ಹೇಗಿರುತ್ತದೆ ಅಂತ ಗೊತ್ತಿರುವವನು ಕಾಯಿಸುವಾಗ ಸ್ವಲ್ಪ ಹುಷಾರಾಗಿರುತ್ತಾನೆ. 2023ರ ಮೇ ತಿಂಗಳಲ್ಲಿ ಚೆನ್ನೈ ಮೈದಾನದಲ್ಲಿ 73 ವರ್ಷದ ಸುನಿಲ್ ಗಾವಸ್ಕರ್ ಓಡಿಹೋಗಿ ಧೋನಿ ಹತ್ತಿರ ತಮ್ಮ ಅಂಗಿಯ ಮೇಲೇ ಸಹಿ ಹಾಕಿಸಿಕೊಂಡರು. ಜೀವಮಾನವಿಡೀ ಸಹಿ ಕೊಟ್ಟ ಕೈ ಅದು. ಕೇಳುವುದರಲ್ಲಿ ಸಣ್ಣತನ ಏನೂ ಇಲ್ಲ ಅಂತ ಅವತ್ತು ಅನ್ನಿಸಿತು.

ಕಾರು ಬೇಡ ಅಂದವಳು

ನಮ್ಮ ಜಿಲ್ಲೆಗೂ ಒಬ್ಬ ಸ್ಟಾರ್ ಇದ್ದಾಳೆ. ವಿಜಯಪುರದ ರಾಜೇಶ್ವರಿ ಗಾಯಕವಾಡ್. 2017ರ ಜುಲೈ 15ರಂದು, ಇಂಗ್ಲೆಂಡಿನ ಡರ್ಬಿಯಲ್ಲಿ ವಿಶ್ವಕಪ್ ಪಂದ್ಯ. ಗೆದ್ದರೆ ಸೆಮಿಫೈನಲ್, ಸೋತರೆ ಮನೆ. ಭಾರತ 265 ಹೊಡೆದಿತ್ತು. ರಾಜೇಶ್ವರಿ 15 ರನ್ ಕೊಟ್ಟು 5 ವಿಕೆಟ್ ತೆಗೆದಳು, ನ್ಯೂಜಿಲೆಂಡ್ 79ಕ್ಕೆ ಗಂಟುಮೂಟೆ ಕಟ್ಟಿತು. ಫೈನಲ್‌ನಲ್ಲಿ ಲಾರ್ಡ್ಸ್‌ನಲ್ಲಿ 9 ರನ್‌ಗಳಿಂದ ಸೋತರು, ಆದರೂ ಊರಿಗೆ ಬಂದಾಗ ಹಾರ ತುರಾಯಿ, ಮೆರವಣಿಗೆ. ಮಂತ್ರಿಗಳು ಕಾರು ಕೊಡುತ್ತೇವೆ ಅಂದರು. ಕಾರು ಬೇಡ, ನಮ್ಮ ಮನೆಯವರಿಗೆ ಇರಲು ಒಂದು ಮನೆ ಬೇಕು ಅಂದಳು. ಪೇಪರಿನಲ್ಲಿ ಬಂದಿತ್ತು.

ಅದನ್ನು ಓದಿದಾಗ ನನಗೆ ಪೈಲ್ವಾನನ ಖುರಾಕು ನೆನಪಾಯಿತು. ನಾವು ನಮಗೆ ಖುಷಿಯಾಗುವುದನ್ನು ಕೊಡಲು ಹೋಗುತ್ತೇವೆ: ಕಾರು, ಶಾಲು, ಫ್ಲೆಕ್ಸು. ಅಥವಾ ನಮಗೆ ಬೇಕಾದ್ದನ್ನು ಕೇಳಲು ಹೋಗುತ್ತೇವೆ: ಸಹಿ, ಸೆಲ್ಫಿ. ಅವರಿಗೆ ಏನು ಬೇಕು ಅಂತ ಕೇಳುವುದು ಮರೆತುಹೋಗಿದೆ. ಜಾತ್ರೆಯ ಕುಸ್ತಿಗೆ ಬರುವ ರೈತನಿಗೆ ಅದು ಗೊತ್ತಿತ್ತು, ಯಾಕಂದರೆ ಎತ್ತಿಗೆ ಎಷ್ಟು ಹಿಂಡಿ ಹಾಕಬೇಕು ಅಂತ ತಿಳಿದವನಿಗೆ ಪೈಲ್ವಾನನಿಗೆ ಎಷ್ಟು ಹಾಲು ಬೇಕು ಅಂತಲೂ ತಿಳಿದಿರುತ್ತದೆ.

ಜೂನ್ 4

ಇಷ್ಟೆಲ್ಲ ಬರೆಯಲು ಕಾರಣ 2025ರ ಜೂನ್ 4. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಗೆದ್ದಿತ್ತು. ಹದಿನೆಂಟು ಸೀಸನ್ನಿನ ಕಾಯುವಿಕೆ. ನಮ್ಮ ಆಫೀಸಿನ ಅರ್ಧ ಟೀಮ್ ಮಧ್ಯಾಹ್ನವೇ ಚಿನ್ನಸ್ವಾಮಿ ಕಡೆ ಹೊರಟಿತು. ನಾನೂ ಹೊರಟಿದ್ದೆ. ಪ್ರೊಡಕ್ಷನ್‌ನಲ್ಲಿ ಒಂದು ಸಮಸ್ಯೆ ಬಂದು ಸೀಟಿಗೆ ಅಂಟಿಕೊಂಡೆ, ಬೈದುಕೊಂಡೇ ಕೂತೆ. ಸಂಜೆಗೆ ಸುದ್ದಿ ಬಂತು. ಸ್ಟೇಡಿಯಂ ಗೇಟುಗಳ ಬಳಿ ಕಾಲ್ತುಳಿತ. 11 ಜನ ಸತ್ತರು. ಬಹುತೇಕ ಎಲ್ಲರೂ ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರು. ಹೊರಗೆ ಜನ ಉಸಿರಿಗೆ ಒದ್ದಾಡುತ್ತಿದ್ದಾಗ ಒಳಗೆ ಸನ್ಮಾನ ನಡೆದಿತ್ತು. ನಮ್ಮ ಟೀಮಿನವರೆಲ್ಲ ಒಬ್ಬೊಬ್ಬರಾಗಿ ಗ್ರೂಪಿನಲ್ಲಿ 'ಸೇಫ್' ಅಂತ ಹಾಕುವವರೆಗೆ ನಾನು ಫೋನು ಕೆಳಗಿಡಲಿಲ್ಲ.

ಯಾರ ತಪ್ಪು ಅನ್ನೋದನ್ನು ತೀರ್ಮಾನಿಸುವ ಜಾಗ ಇದಲ್ಲ. ನನಗೆ ಕಾಡಿದ್ದು ಬೇರೆ. ಆ ಗೇಟಿನಲ್ಲಿ ನಿಂತವರಿಗೆ ಏನು ಬೇಕಿತ್ತು? ಹೋಟೆಲ್ ಗೇಟಿನಲ್ಲಿ ನನಗೆ ಬೇಕಿದ್ದದ್ದೇ. ಟಿವಿಯಲ್ಲಿ ಹದಿನೆಂಟು ವರ್ಷ ನೋಡಿದ ಮುಖವನ್ನು ಒಂದು ಸಲ ಎದುರಿಗೆ ನೋಡಬೇಕು, ಆಗುವುದಾದರೆ ಆ ಮುಖ ತಮ್ಮನ್ನೂ ಒಂದು ಸಲ ನೋಡಬೇಕು. ನಮ್ಮೂರ ಅಖಾಡದಲ್ಲಿ ಐದು ರೂಪಾಯಿಗೆ ಸಿಕ್ಕಿದ್ದು ಇಲ್ಲಿ ಜೀವ ಕೊಟ್ಟರೂ ಸಿಗಲಿಲ್ಲ. ಲಕ್ಷಾಂತರ ಜನರನ್ನು ಅಭಿಮಾನಿಗಳೇ ಬನ್ನಿ ಅಂತ ಕರೆಯುವುದು ಸುಲಭ. ಬಂದವರನ್ನು ಬಾಗಿಲಲ್ಲಿ ಬರಮಾಡಿಕೊಳ್ಳುವವರು ಯಾರು ಅಂತ ಮೊದಲು ಯೋಚಿಸಬೇಕಿತ್ತು.

ಬಾಗಿಲು ಅಂದಾಗ ತಂಗಡಗಿಯ ಅಪ್ಪಣ್ಣ ನೆನಪಾಗುತ್ತಾರೆ. ಹಡಪದ ಅಪ್ಪಣ್ಣ ಬಸವಣ್ಣನವರ ಹಡಪ, ಅಂದರೆ ಎಲೆ ಅಡಿಕೆಯ ಚೀಲ ಹಿಡಿದವರು, ಅವರ ಅತಿ ಹತ್ತಿರದವರು. ಶೂನ್ಯಸಂಪಾದನೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಅಲ್ಲಮಪ್ರಭು ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಬಸವಣ್ಣ ಒಳಗೆ ಪೂಜೆಯಲ್ಲಿದ್ದಾರೆ. ಕರೆಯಲು ಅಪ್ಪಣ್ಣನನ್ನು ಕಳಿಸುತ್ತಾರೆ. ಪ್ರಭು ಒಳಗೆ ಬರುವುದಿಲ್ಲ. ಕೊನೆಗೆ ಬಸವಣ್ಣನೇ ಎದ್ದು ಬಾಗಿಲಿಗೆ ಬರಬೇಕಾಗುತ್ತದೆ. ಪೂಜೆ ದೊಡ್ಡದೋ ಬಾಗಿಲಲ್ಲಿ ನಿಂತವನು ದೊಡ್ಡವನೋ ಅನ್ನೋ ಪ್ರಶ್ನೆ ನಮ್ಮ ನೆಲದಲ್ಲಿ ಅಷ್ಟು ಹಳೆಯದು. ಉತ್ತರವೂ ಅಷ್ಟೇ ಹಳೆಯದು.

ಹಾಗಂತ ಪ್ರತಿ ಆಟಗಾರನೂ ಪ್ರತಿ ಗೇಟಿಗೂ ಬರಬೇಕು ಅಂತ ನಾನು ಹೇಳುವುದಿಲ್ಲ. ಆ 33 ನಿಮಿಷದ ಲೆಕ್ಕ ಈಗಲೂ ನಿಜ. ಊಟದ ತಟ್ಟೆಯ ಮುಂದೆ, ಮಗುವಿನ ಕೈ ಹಿಡಿದು ಹೋಗುವಾಗ, ಸೋತು ಬಂದ ಸಂಜೆ ಅವರನ್ನು ಬಿಟ್ಟುಬಿಡುವುದು ನಮ್ಮ ಕಡೆಯ ಮರ್ಯಾದೆ. ಅವರ ಕಡೆಯದು, ಸಹಿ ಹಾಕಲಾಗದಿದ್ದರೆ ಹೆಡ್‌ಫೋನ್ ತೆಗೆದು, ಆಗಲ್ಲಪ್ಪಾ ಅಂತ ಮುಖ ನೋಡಿ ಹೇಳುವುದು. ಅದಕ್ಕೆ ಎರಡು ಸೆಕೆಂಡ್ ಸಾಕು. ಅವರನ್ನು ಇಟ್ಟುಕೊಂಡು ವ್ಯಾಪಾರ ಮಾಡುವವರ ಕಡೆಯದು, ಕರೆದ ಮೇಲೆ ಬಾಗಿಲು ತೆರೆದಿಡುವುದು, ತೆರೆಯಲು ಆಗದಿದ್ದರೆ ಕರೆಯದಿರುವುದು.

ಕಳೆದ ಸಲ ಜಾತ್ರೆಗೆ ಊರಿಗೆ ಹೋದಾಗ ಅಕ್ಕನ ಮಗನನ್ನು ಕುಸ್ತಿಗೆ ಕರೆದುಕೊಂಡು ಹೋದೆ. ಜನ ಕಡಿಮೆ ಇದ್ದರು, ಹಲಗಿ ಅದೇ ಇತ್ತು. ಗೆದ್ದ ಪೈಲ್ವಾನ ಸುತ್ತು ಬರುತ್ತಿದ್ದಂತೆ ಹುಡುಗರೆಲ್ಲ ಫೋನು ಎತ್ತಿ ಸೆಲ್ಫಿಗೆ ಮುಗಿಬಿದ್ದರು. ಅಳಿಯನೂ ಹೊರಟ. ನಿಲ್ಲಿಸಿ ಐವತ್ತರ ನೋಟು ಕೈಗೆ ಕೊಟ್ಟೆ.

"ಮಾಮಾ, ಫೋನ್‌ಪೇ ಮಾಡಲಿ?" ಅಂದ.

"ಲಂಗೋಟಿ ಮ್ಯಾಲ ನಿಂತಾನ, ಕ್ಯೂಆರ್ ಕೋಡ್ ಎಲ್ಲಿ ಇಟ್ಕೊಂಡಾನ? ನೋಟು ಕೊಡು. ಮೊದಲ ನೋಟು ಕೊಡು, ಆಮ್ಯಾಲ ಫೋಟೋ ಕೇಳು."

ಹೋದ. ದೂರದಿಂದ ನೋಡುತ್ತಿದ್ದೆ. ಪೈಲ್ವಾನ ನೋಟನ್ನು ಹಣೆಗೆ ಒತ್ತಿಕೊಂಡು ಹುಡುಗನನ್ನು ಏನೋ ಕೇಳಿದ. ಹುಡುಗ ಏನೋ ಹೇಳಿದ. ವಾಪಸು ಬಂದಾಗ ಫೋನು ಜೇಬಿನಲ್ಲೇ ಇತ್ತು.

"ಫೋಟೋ ತಗೊಳ್ಳಲಿಲ್ಲೇನೋ?"

"ಮರತೇ ಬಿಟ್ಟೆ ಮಾಮಾ. ನಾ ಯಾರ ಮಗ ಅಂತ ಕೇಳಿದ."